ಪುಟ್ಟ ಕಂಪ್ಯೂಟರ್ ಕಟ್ಟುವ ಮುನ್ನ: ಎಷ್ಟು ಲೀಟರ್, ಎಷ್ಟು ಓವರ್‌ಕ್ಲಾಕ್?

ಪುಟ್ಟ ಡೆಸ್ಕ್‌ಟಾಪ್ ಕಟ್ಟಿಸಬೇಕು, ಆದರೆ ಯಾವ ಸೈಜಿನದು ಅಂತ ತೀರ್ಮಾನ ಆಗುತ್ತಿಲ್ಲ ಎನ್ನುವವರು ಜಾಸ್ತಿಯಾಗಿದ್ದಾರೆ. ಹೀಗೆ ಕೇಳುವವರು ಮೂರು ತರಹ. ಒಬ್ಬರು ಮೈಸೂರಿನಲ್ಲಿ ಇಂಜಿನಿಯರಿಂಗ್ ಓದುತ್ತಾ ಪಿಜಿಯಲ್ಲಿರುವವರು, ಶನಿವಾರ ಬಂತೆಂದರೆ ಮಂಡ್ಯಕ್ಕೋ ಮದ್ದೂರಿಗೋ ರೈಲು ಹತ್ತುವವರು. ಇನ್ನೊಬ್ಬರು ಕುವೆಂಪುನಗರ, ಸರಸ್ವತಿಪುರಂ ಕಡೆ ಮನೆಯ ಒಂದು ಸಣ್ಣ ಕೋಣೆಯನ್ನೇ ಆಫೀಸು ಮಾಡಿಕೊಂಡು ವಿಡಿಯೋ ಎಡಿಟಿಂಗ್, ಕೋಡಿಂಗ್ ಮಾಡುವವರು. ಮೂರನೆಯವರು ಸುಮ್ನೆ ಆಸೆಗೆ ಕಟ್ಟುವವರು. ಇವರು ಕಾರಣ ಕೊಡುವುದಿಲ್ಲ, ಕೊಡಬೇಕಾಗಿಯೂ ಇಲ್ಲ.

ಮೂವರಿಗೂ ಒಂದೇ ಉತ್ತರ ಸಲ್ಲುವುದಿಲ್ಲ. ಆದರೆ ಮೂವರೂ ಒಂದು ವಿಷಯ ಒಪ್ಪಿಕೊಂಡು ಹೊರಟರೆ ದುಡ್ಡು ಉಳಿಯುತ್ತದೆ. ಪುಟ್ಟ ಪೆಟ್ಟಿಗೆಯಲ್ಲಿ ವೇಗಕ್ಕೆ ಅಡ್ಡ ಬರುವುದು ಬೋರ್ಡೂ ಅಲ್ಲ, ಪ್ರೊಸೆಸರೂ ಅಲ್ಲ, ಬಿಸಿ. ಹಾಗಾಗಿ ಓವರ್‌ಕ್ಲಾಕ್, ಅಂದರೆ ಕಂಪನಿ ಇಟ್ಟ ವೇಗಕ್ಕಿಂತ ಹೆಚ್ಚು ಓಡಿಸುವುದು, ಇಲ್ಲಿ ಹೆಚ್ಚುಕಮ್ಮಿ ವೋಲ್ಟೇಜ್ ಇಳಿಸುವ ಕೆಲಸವೇ. ಅದು ಯಾಕೆ ಅಂತ ಮುಂದೆ ಬರುತ್ತದೆ.

ನಾಲ್ಕು ದಾರಿ

ಮಿನಿ ಐಟಿಎಕ್ಸ್ ಬೋರ್ಡ್ 170 ಮಿಮೀ ಉದ್ದ, ಅಷ್ಟೇ ಅಗಲ. 2001ರಲ್ಲಿ ತೈವಾನಿನ ವಿಯಾ ಕಂಪನಿ ತಂದ ಅಳತೆ ಇದು, ಇವತ್ತಿಗೂ ಹಾಗೇ ಇದೆ. ಅದರ ಅಣ್ಣ ಮೈಕ್ರೋ ಎಟಿಎಕ್ಸ್, 244 ಮಿಮೀ ಚೌಕ. ಎರಡಕ್ಕಿಂತಲೂ ಚಿಕ್ಕದು ಮಿನಿ ಎಸ್‌ಟಿಎಕ್ಸ್. ಅದು ಬಿಡಿಯಾಗಿ ಸಿಗುವುದು ಅಪರೂಪ. ಆಸ್‌ರಾಕ್ ಡೆಸ್ಕ್‌ಮಿನಿಯಂಥ ಅರ್ಧ ತಯಾರಾದ ಡಬ್ಬದೊಳಗೆ ಕೂತೇ ಬರುತ್ತದೆ.

ಇದರಿಂದ ನಾಲ್ಕು ದಾರಿ ಸಿಗುತ್ತವೆ. ಸುಮಾರು 2 ಲೀಟರಿನ ಡೆಸ್ಕ್‌ಮಿನಿ. 7ರಿಂದ 11 ಲೀಟರಿನ ಬಿಗಿ ಕ್ಯಾಬಿನೆಟ್‌ನಲ್ಲಿ ಮಿನಿ ಐಟಿಎಕ್ಸ್. 18 ಲೀಟರಿನ ಆಸುಪಾಸಿನ ಸಡಿಲ ಕ್ಯಾಬಿನೆಟ್‌ನಲ್ಲಿ ಅದೇ ಮಿನಿ ಐಟಿಎಕ್ಸ್. ಕೊನೆಗೆ 30 ಲೀಟರ್ ಸುತ್ತಮುತ್ತಲಿನ ಮೈಕ್ರೋ ಎಟಿಎಕ್ಸ್. ಲೀಟರ್ ಲೆಕ್ಕ ಎಂದರೆ ಕ್ಯಾಬಿನೆಟ್‌ನ ಉದ್ದ, ಅಗಲ, ಎತ್ತರ ಗುಣಿಸಿದ್ದು, ಅಷ್ಟೇ.

ಯಾವುದರಿಂದ ಅಳೆಯಬೇಕು

ಮೊದಲನೆಯ ಪ್ರಶ್ನೆ: ಇದನ್ನು ಹೊತ್ತುಕೊಂಡು ಓಡಾಡುತ್ತೀರಾ? ಹೌದು, ಇಲ್ಲ ಎರಡರಲ್ಲಿ ಒಂದು ಹೇಳಿ. "ಯಾವಾಗಲಾದರೂ ಬೇಕಾಗಬಹುದು" ಎನ್ನುವುದನ್ನು ಇಲ್ಲ ಅಂತಲೇ ಲೆಕ್ಕ ಹಿಡಿಯಿರಿ. ಮೇಜಿನ ಕೆಳಗೆ ಐದು ವರ್ಷ ಅಲ್ಲಾಡದೆ ಕೂರುವ ಕಂಪ್ಯೂಟರಿಗೆ ಹತ್ತು ಲೀಟರಿನ ಬೆಲೆ ಕೊಡುವುದರಲ್ಲಿ ಅರ್ಥವಿಲ್ಲ.

ಎರಡನೆಯದು ಏಪ್ರಿಲ್. ಮೈಸೂರು ತಂಪು ಊರು ಅಂತ ನಾವೇ ಹೇಳಿಕೊಂಡು ತಿರುಗುತ್ತೇವೆ. ಡಿಸೆಂಬರಿನಲ್ಲಿ ಅದು ನಿಜ. ಏಪ್ರಿಲ್ ಮಧ್ಯಾಹ್ನ 35 ಡಿಗ್ರಿ ಮುಟ್ಟುತ್ತದೆ, ತಾರಸಿಯ ಕೆಳಗಿನ ಮಹಡಿ ಕೋಣೆಯಲ್ಲಿ ರಾತ್ರಿ ಹತ್ತಾದರೂ ಸೆಕೆ ಇಳಿಯುವುದಿಲ್ಲ. ಮಂಡ್ಯದ್ದು ಕೇಳಲೇಬೇಡಿ. ಕೂಲರ್ ಎಷ್ಟೇ ದುಬಾರಿಯದಾದರೂ ಕೋಣೆಯ ಗಾಳಿಗಿಂತ ತಣ್ಣಗೆ ಮಾಡಲಾರದು. ಕೋಣೆ ಹತ್ತು ಡಿಗ್ರಿ ಏರಿದರೆ ಪ್ರೊಸೆಸರೂ ಹೆಚ್ಚುಕಮ್ಮಿ ಹತ್ತು ಡಿಗ್ರಿ ಏರುತ್ತದೆ. ಎಸಿ ಕೋಣೆಯಲ್ಲಿ ಕೂತು ಮಾಡಿದ ವಿಡಿಯೋದಲ್ಲಿ 82 ಡಿಗ್ರಿ ತೋರಿಸಿದರೆ, ಫ್ಯಾನು ತಿರುಗುವ ನಿಮ್ಮ ಕೋಣೆಯಲ್ಲಿ ಅದು 90 ದಾಟುತ್ತದೆ. ಎಎಂಡಿ ಕಂಪನಿಯ ರೈಜನ್ 7000 ಸರಣಿಯ ಹೆಚ್ಚಿನ ಪ್ರೊಸೆಸರುಗಳು 95 ಡಿಗ್ರಿಗೆ ತಾವಾಗಿಯೇ ವೇಗ ಇಳಿಸಿಕೊಳ್ಳುತ್ತವೆ. ಸುಡುವುದಿಲ್ಲ, ಹೆದರಬೇಡಿ. ಆದರೆ ಓವರ್‌ಕ್ಲಾಕ್ ಮಾಡಿ ಗಳಿಸಿದ್ದೆಲ್ಲ ಅಲ್ಲಿಗೆ ವಾಪಸ್ ಹೋಯಿತು, ಅಲ್ವಾ?

ಮೂರನೆಯದು ಕರೆಂಟು. ವಿದ್ಯುತ್ ಕಂಪನಿ ಸೆಸ್ಕ್‌ನವರು ಮುಂಚೆಯೇ ಹೇಳಿ ತೆಗೆಯುವುದು ಬೇರೆ. ಮಳೆ ಬಂದಾಗ ಕಣ್ಣು ಮಿಟುಕಿಸುವ ಹಾಗೆ ಹೋಗಿ ಬರುತ್ತದಲ್ಲ, ತೊಂದರೆ ಅದರದ್ದು. ಒಳ್ಳೆಯ ಎಸ್‌ಎಂಪಿಎಸ್ (ಕಂಪ್ಯೂಟರಿನ ಪವರ್ ಸಪ್ಲೈ) ಕರೆಂಟಿಲ್ಲದೆ ಸುಮಾರು 16 ಮಿಲಿಸೆಕೆಂಡ್ ತಡೆದುಕೊಳ್ಳುತ್ತದೆ. ಮನೆಯ ಇನ್ವರ್ಟರ್ ಹಿಂದೆ ಯುಪಿಎಸ್ ಮೋಡ್ ಎಂಬ ಸ್ವಿಚ್ ಇದ್ದರೆ ಅದಕ್ಕೆ ಹಾಕಿಡಿ. ಇಲ್ಲದಿದ್ದರೆ ಬದಲಾವಣೆ ನಿಧಾನವಾಗಿ, ಕಂಪ್ಯೂಟರ್ ಆಫ್ ಆಗಿಯೇ ಬಿಡುತ್ತದೆ. ಹೊಸ ಎಸ್‌ಎಂಪಿಎಸ್‌ಗಳಿಗೆ ಸೈನ್ ವೇವ್ ಇನ್ವರ್ಟರ್ ಒಳ್ಳೆಯದು. ಹಳೆಯ ಸ್ಕ್ವೇರ್ ವೇವ್ ಮೆಷಿನ್ನಿನಲ್ಲಿ ಕೆಲವು ಗುಂಯ್ ಅನ್ನುತ್ತವೆ, ಕೆಲವು ನಿಂತೇ ಹೋಗುತ್ತವೆ. ಈ ವಿಷಯದಲ್ಲಿ ಕಮ್ಮಿ ವಾಟ್ ಎಳೆಯುವ ಪುಟ್ಟ ಮೆಷಿನ್ನಿಗೇ ಲಾಭ.

ನಾಲ್ಕನೆಯದು ಬಿಡಿಭಾಗ ಸಿಗುವುದು. ಮಾಮೂಲಿ ಎಟಿಎಕ್ಸ್ ಎಸ್‌ಎಂಪಿಎಸ್ ಸುಟ್ಟರೆ ಸಂಜೆಯೊಳಗೆ ಊರಿನಲ್ಲೇ ಇನ್ನೊಂದು ತಂದು ಹಾಕಬಹುದು. ಪುಟ್ಟ ಕ್ಯಾಬಿನೆಟ್ಟಿಗೆ ಬೇಕಾದ ಎಸ್‌ಎಫ್‌ಎಕ್ಸ್ ಅಳತೆಯದನ್ನು ಕೇಳಿದರೆ "ತರಿಸಿಕೊಡ್ತೀನಿ ಸಾರ್" ಎನ್ನುವ ಉತ್ತರಕ್ಕೆ ತಯಾರಾಗಿರಿ. ಇಲ್ಲವೇ ಬೆಂಗಳೂರಿನ ಎಸ್.ಪಿ. ರೋಡಿಗೆ ಒಂದು ದಿನ ಇಡಬೇಕು. ಕೆಲಸಕ್ಕೆ ಇದೊಂದೇ ಕಂಪ್ಯೂಟರ್ ಎನ್ನುವವರು ಇದನ್ನು ಹಗುರವಾಗಿ ತೆಗೆದುಕೊಳ್ಳಬಾರದು.

ಐದನೆಯದು ದುಡ್ಡು. ರೂಪಾಯಿ ಲೆಕ್ಕ ಇಲ್ಲಿ ಬರೆಯುವುದಿಲ್ಲ. ಮೆಮೊರಿ ಬೆಲೆ ಏರಿಳಿಯುವ ರಭಸಕ್ಕೆ ಅದು ಬೇಗ ಹಳಸುತ್ತದೆ. ಅನುಪಾತ ನೆನಪಿಟ್ಟುಕೊಂಡರೆ ಸಾಕು. ಅದೇ ಚಿಪ್‌ಸೆಟ್‌ನ (ಬೋರ್ಡಿನ ದರ್ಜೆ ತೀರ್ಮಾನಿಸುವ ಚಿಪ್) ಮೈಕ್ರೋ ಎಟಿಎಕ್ಸ್ ಬೋರ್ಡಿಗಿಂತ ಮಿನಿ ಐಟಿಎಕ್ಸ್ ಒಂದೂವರೆ ಪಟ್ಟು, ಕೆಲವು ಸಲ ಎರಡು ಪಟ್ಟು. ಅಷ್ಟೇ ವಾಟಿನ ಎಸ್‌ಎಫ್‌ಎಕ್ಸ್ ಎಸ್‌ಎಂಪಿಎಸ್ ಕೂಡ ದುಬಾರಿ. ಕ್ಯಾಬಿನೆಟ್ ಸಹ ಅಷ್ಟೆ. ಮೂರೂ ಸೇರಿಸಿದರೆ ಗ್ರಾಫಿಕ್ಸ್ ಕಾರ್ಡನ್ನು ಒಂದು ಮೆಟ್ಟಿಲು ಮೇಲಕ್ಕೆ ಏರಿಸುವಷ್ಟು ಹಣ ಜಾಗ ಉಳಿಸುವುದಕ್ಕೇ ಹೋಗಿರುತ್ತದೆ.

ಓವರ್‌ಕ್ಲಾಕ್: ಏನು ಸಿಗುತ್ತದೆ, ಏನು ಸಿಗುವುದಿಲ್ಲ

ಪ್ರೊಸೆಸರ್ ಎಳೆಯುವ ವಿದ್ಯುತ್ತು ವೇಗಕ್ಕೆ ತಕ್ಕಂತೆ ಏರುತ್ತದೆ, ವೋಲ್ಟೇಜಿನ ವರ್ಗಕ್ಕೆ ತಕ್ಕಂತೆಯೂ ಏರುತ್ತದೆ. ವೇಗ ಶೇ. 5 ಹೆಚ್ಚಿಸಲು ವೋಲ್ಟೇಜನ್ನೂ ಶೇ. 5 ಹೆಚ್ಚಿಸಿದಿರಿ ಎನ್ನೋಣ. ಬಿಸಿ ಸುಮಾರು ಶೇ. 16 ಜಾಸ್ತಿಯಾಗುತ್ತದೆ. ತಿರುಗಿಸಿ ನೋಡಿ. ವೇಗ ಅಷ್ಟೇ ಇಟ್ಟು ವೋಲ್ಟೇಜ್ ಶೇ. 5 ಇಳಿಸಿದರೆ ಬಿಸಿ ಸುಮಾರು ಶೇ. 10 ಕಮ್ಮಿ. ದೊಡ್ಡ ಟವರಿನಲ್ಲಿ ಮೊದಲನೆಯ ಆಟ ಆಡಬಹುದು. ಪುಟ್ಟ ಪೆಟ್ಟಿಗೆಯಲ್ಲಿ ಗೆಲ್ಲುವುದು ಎರಡನೆಯದೇ. ಹೇಗೆಂದರೆ ಈಗಿನ ಪ್ರೊಸೆಸರುಗಳು ಬಿಸಿಯಲ್ಲಿ, ವಾಟಿನಲ್ಲಿ ಜಾಗ ಉಳಿದಿದ್ದರೆ ತಾವೇ ವೇಗ ಏರಿಸಿಕೊಳ್ಳುತ್ತವೆ. ವೋಲ್ಟೇಜ್ ಇಳಿಸಿ ಆ ಜಾಗ ಮಾಡಿಕೊಟ್ಟರೆ ಕ್ಲಾಕ್ ತಾನಾಗಿ ಮೇಲೆ ಹೋಗುತ್ತದೆ.

ಇದಕ್ಕೆ ಎಎಂಡಿ ಕಡೆ ಅನುಕೂಲ ಜಾಸ್ತಿ. ರೈಜನ್‌ಗಳಲ್ಲಿ ಬಹುಪಾಲು ಬೀಗವಿಲ್ಲದವು. ಬಿ550, ಬಿ650ಯಂಥ ಮಧ್ಯಮ ದರ್ಜೆಯ ಬೋರ್ಡಿನಲ್ಲೇ ಪಿಬಿಒ (ಪ್ರೊಸೆಸರಿನ ವಾಟ್ ಮಿತಿ ಏರಿಸುವ ಸೆಟ್ಟಿಂಗ್), ಕರ್ವ್ ಆಪ್ಟಿಮೈಸರ್ (ವೋಲ್ಟೇಜ್ ಇಳಿಸುವ ಸೆಟ್ಟಿಂಗ್) ಎರಡೂ ಸಿಗುತ್ತವೆ. ಎ520, ಎ620 ಚಿಪ್‌ಸೆಟ್‌ಗಳಲ್ಲಿ ಪ್ರೊಸೆಸರ್ ಓವರ್‌ಕ್ಲಾಕ್ ಇಲ್ಲ. ಅಗ್ಗ ಅಂತ ಅದನ್ನು ತಂದು ಆಮೇಲೆ ಮೆನುವಿನಲ್ಲಿ ಹುಡುಕಬೇಡಿ.

ಇಂಟೆಲ್‌ನಲ್ಲಿ ಹೆಸರಿನ ಕೊನೆಗೆ ಕೆ ಇರುವ ಪ್ರೊಸೆಸರ್ ಬೇಕು, ಜೊತೆಗೆ ಜೆಡ್ ಸರಣಿಯ ಬೋರ್ಡ್ ಬೇಕು. ಬಿ760ಯಲ್ಲಿ ಮೆಮೊರಿ ವೇಗ ಏರಿಸಬಹುದು, ಪ್ರೊಸೆಸರ್ ಮಲ್ಟಿಪ್ಲೈಯರ್ (ಅದರ ವೇಗ ನಿರ್ಧರಿಸುವ ಅಂಕಿ) ಮುಟ್ಟುವಂತಿಲ್ಲ. ಜೆಡ್ ಸರಣಿಯ ಮಿನಿ ಐಟಿಎಕ್ಸ್ ಬೋರ್ಡಿನ ಬೆಲೆ ನೋಡಿದರೆ ಆಸೆ ಅಲ್ಲಿಗೇ ಆರುತ್ತದೆ. 13 ಮತ್ತು 14ನೇ ತಲೆಮಾರಿನ ಮೇಲ್ದರ್ಜೆಯ ಪ್ರೊಸೆಸರುಗಳಿಗೆ ವೋಲ್ಟೇಜ್ ಅತಿಯಾಗಿ ಹೋಗಿ ಹಾಳಾದ ಸಂಗತಿ 2024ರಲ್ಲಿ ದೊಡ್ಡ ಸುದ್ದಿಯಾಯಿತು. ಇಂಟೆಲ್ ಮೈಕ್ರೋಕೋಡ್ ತಿದ್ದುಪಡಿ ಕೊಟ್ಟಿತು, ವಾರಂಟಿಯನ್ನು ಎರಡು ವರ್ಷ ಮುಂದಕ್ಕೂ ಹಾಕಿತು. ಆದರೆ ಅಷ್ಟರೊಳಗೆ ಆದ ಹಾನಿಯನ್ನು ತಿದ್ದುಪಡಿ ಸರಿ ಮಾಡಲಾರದು. ಸೆಕೆಂಡ್ ಹ್ಯಾಂಡ್‌ನಲ್ಲಿ ಅಂಥದ್ದು ಅಗ್ಗವಾಗಿ ಕಂಡರೆ ಕೈ ಹಾಕದಿರುವುದೇ ವಾಸಿ. ಓವರ್‌ಕ್ಲಾಕ್ ಬೇಡ, ಸುಮ್ನೆ ಓಡಿದರೆ ಸಾಕು ಎನ್ನುವವರಿಗೆ ಐ5-12400 ಇವತ್ತಿಗೂ ಮರ್ಯಾದಸ್ಥ ಪ್ರೊಸೆಸರೇ.

ಮೆಮೊರಿಯಲ್ಲಿ ಮಾತ್ರ ಮಿನಿ ಐಟಿಎಕ್ಸ್ ಅಣ್ಣನಿಗಿಂತ ಒಂದು ಕೈ ಮೇಲೆ. ಸ್ಲಾಟ್ ಎರಡೇ, ಪ್ರೊಸೆಸರಿನಿಂದ ಅಲ್ಲಿಗೆ ದಾರಿಯೂ ಚಿಕ್ಕದು. ಹಾಗಾಗಿ ಹೆಚ್ಚಿನ ವೇಗಕ್ಕೆ ಸಲೀಸಾಗಿ ಏರುತ್ತದೆ. ಮೈಕ್ರೋ ಎಟಿಎಕ್ಸ್‌ನಲ್ಲಿ ನಾಲ್ಕು ಸ್ಲಾಟ್ ಇದೆ ಅಂತ ನಾಲ್ಕನ್ನೂ ತುಂಬಿದರೆ ವೇಗ ಕುಸಿಯುತ್ತದೆ. ರೈಜನ್ 7000ದಲ್ಲಿ ಎಎಂಡಿ ಒಪ್ಪುವ ವೇಗ ಎರಡು ಕಡ್ಡಿಗೆ 5200, ನಾಲ್ಕು ಕಡ್ಡಿಗೆ 3600. ಆದ್ದರಿಂದ ಯಾವ ಬೋರ್ಡಾದರೂ ಎರಡೇ ಕಡ್ಡಿ ಹಾಕಿ. ಮುಂದೆ ಬೇಕಾಗುವಷ್ಟನ್ನು ಈಗಲೇ ತೆಗೆದುಕೊಳ್ಳಿ, 8ರ ಎರಡಕ್ಕಿಂತ 16ರ ಎರಡು. ರೈಜನ್ 7000ಕ್ಕೆ ಡಿಡಿಆರ್5 6000, ರೈಜನ್ 5000ಕ್ಕೆ ಡಿಡಿಆರ್4 3600, ಇವೆರಡೂ ಹದವಾದ ವೇಗ. ಬಯೋಸ್‌ನಲ್ಲಿ (ಬೋರ್ಡಿನೊಳಗಿನ ಸೆಟ್ಟಿಂಗ್ ಮೆನು) ಎಕ್ಸ್‌ಪೋ ಅಥವಾ ಎಕ್ಸ್‌ಎಂಪಿ ಎಂಬ ಮೆಮೊರಿ ವೇಗದ ಸೆಟ್ಟಿಂಗ್ ಆನ್ ಮಾಡಿದರೆ ಬಂತು. ಒಂದು ಎಚ್ಚರಿಕೆ: 2023ರಲ್ಲಿ ಕೆಲವು 7000ಎಕ್ಸ್‌3ಡಿ ಪ್ರೊಸೆಸರುಗಳು ಸುಟ್ಟ ಮೇಲೆ ಎಎಂಡಿ ಎಸ್‌ಒಸಿ ವೋಲ್ಟೇಜಿಗೆ (ಪ್ರೊಸೆಸರಿನಲ್ಲಿ ಮೆಮೊರಿ ನೋಡಿಕೊಳ್ಳುವ ಭಾಗಕ್ಕೆ ಹೋಗುವುದು) 1.3 ವೋಲ್ಟ್ ಎಂದು ಗೆರೆ ಎಳೆಯಿತು. ಹಳೆ ಬಯೋಸ್ ಇರುವ ಬೋರ್ಡ್ ಬಂದರೆ ಮೊದಲು ಅಪ್‌ಡೇಟ್, ಆಮೇಲೆ ಎಕ್ಸ್‌ಪೋ. ಕಂಪನಿಯ ನಿಯಮದಲ್ಲಿ ಪಿಬಿಒ, ಎಕ್ಸ್‌ಪೋ ಎರಡೂ ಓವರ್‌ಕ್ಲಾಕೇ, ಅದರಿಂದ ಆದ ಹಾನಿಗೆ ವಾರಂಟಿ ಬರುವುದಿಲ್ಲ ಎನ್ನುವುದೂ ತಲೆಯಲ್ಲಿರಲಿ.

ಎರಡು ಲೀಟರಿನ ಡಬ್ಬ

ಡೆಸ್ಕ್‌ಮಿನಿಗೆ ಗ್ರಾಫಿಕ್ಸ್ ಕಾರ್ಡ್ ಹಾಕುವ ಜಾಗವಿಲ್ಲ. ಲ್ಯಾಪ್‌ಟಾಪಿನ ಹಾಗೆ ಹೊರಗಿನ ಅಡಾಪ್ಟರ್, 120 ವಾಟ್. ಮೆಮೊರಿಯೂ ಲ್ಯಾಪ್‌ಟಾಪಿನದೇ. ಕೂಲರ್ 4.7 ಸೆಂಟಿಮೀಟರ್ ಎತ್ತರದೊಳಗೆ ಮುಗಿಯಬೇಕು. ಇದರಲ್ಲಿ ಗ್ರಾಫಿಕ್ಸ್ ಒಳಗೇ ಇರುವ ರೈಜನ್ 5 8600ಜಿಯಂಥದ್ದು ಹಾಕಿದರೆ ಕೋಡಿಂಗ್, ಆಫೀಸು ಕೆಲಸ, ವ್ಯಾಲರಂಟ್ ಮಟ್ಟದ ಆಟ ಆರಾಮಾಗಿ ನಡೆಯುತ್ತವೆ. ಓವರ್‌ಕ್ಲಾಕ್ ಅಂತ ಮಾಡುವುದಿದ್ದರೆ ಮೆಮೊರಿಯದ್ದು. ಒಳಗಿನ ಗ್ರಾಫಿಕ್ಸ್‌ಗೆ ಬೇರೆ ಮೆಮೊರಿ ಇರುವುದಿಲ್ಲವಾದ್ದರಿಂದ ಇಲ್ಲಿ ಮೆಮೊರಿ ವೇಗ ಏರಿಸಿದ್ದು ಆಟದಲ್ಲಿ ನೇರವಾಗಿ ಕಾಣುತ್ತದೆ. ಒಂದೇ ಕಡ್ಡಿ ಹಾಕಿ ಕೂತರೆ ಅರ್ಧ ಶಕ್ತಿ ವ್ಯರ್ಥ. ಕಾಲೇಜು ಬ್ಯಾಗಿನಲ್ಲಿ ಹಿಡಿಯುತ್ತದೆ, ಇನ್ವರ್ಟರಿಗೂ ಭಾರವಲ್ಲ. ನಾಳೆ ದೊಡ್ಡ ಆಟ ಆಡಬೇಕು ಅನ್ನಿಸಿದರೆ ಮಾತ್ರ ದಾರಿ ಮುಚ್ಚಿದೆ.

ಹತ್ತು ಲೀಟರ್

ಫೋಟೋ ನೋಡಿ ಜನ ಮರುಳಾಗುವುದು ಇದಕ್ಕೇ. ಡ್ಯಾನ್ ಎ4 7.2 ಲೀಟರ್, ಫ್ರ್ಯಾಕ್ಟಲ್ ಟೆರಾ 10.4 ಲೀಟರ್. ಬೋರ್ಡ್ ಒಂದು ಕಡೆ, ಗ್ರಾಫಿಕ್ಸ್ ಕಾರ್ಡ್ ಅದರ ಬೆನ್ನಿಗೆ, ನಡುವೆ ಎರಡನ್ನೂ ಜೋಡಿಸುವ ರೈಸರ್ ಕೇಬಲ್. ನೋಡಲು ಚೆಂದ, ಕಟ್ಟಲು ತಾಳ್ಮೆ ಬೇಕು. ಎಸ್‌ಎಂಪಿಎಸ್ ವೈರುಗಳನ್ನು ಒಳಗೆ ತುರುಕುವುದು ಬೆಳಗಿನ ಬೆಂಗಳೂರು ರೈಲಿನ ಜನರಲ್ ಬೋಗಿಯಲ್ಲಿ ಚನ್ನಪಟ್ಟಣದಲ್ಲಿ ಹತ್ತಿದ ಹಾಗೆ. ಜಾಗ ಇಲ್ಲ, ಆದರೂ ಹಿಡಿಯುತ್ತದೆ.

ಇಲ್ಲಿ ಕೂಲರ್ ಎತ್ತರವೇ ಎಲ್ಲವನ್ನೂ ತೀರ್ಮಾನಿಸುತ್ತದೆ. ನಾಕ್ಟುವಾದ ಎನ್‌ಎಚ್-ಎಲ್9ಎ 37 ಮಿಮೀ, ಥರ್ಮಲ್‌ರೈಟ್ ಎಎಕ್ಸ್‌ಪಿ90-ಎಕ್ಸ್47 ಹೆಸರೇ ಹೇಳುವಂತೆ 47 ಮಿಮೀ. ಟೆರಾದಲ್ಲಿ ನಡುಗೋಡೆ ಸರಿಸಬಹುದು. ಪ್ರೊಸೆಸರ್ ಕಡೆ 48ರಿಂದ 77 ಮಿಮೀವರೆಗೆ ಸಿಗುತ್ತದೆ, ಆ ಕಡೆ ಹೆಚ್ಚಿಸಿದಷ್ಟೂ ಗ್ರಾಫಿಕ್ಸ್ ಕಾರ್ಡ್ ತೆಳ್ಳಗಾಗಬೇಕು. ಹೀಗಾಗಿ 65 ವಾಟ್ ದರ್ಜೆಯ ಪ್ರೊಸೆಸರೇ ಸರಿ. ರೈಜನ್ 5 7600, ರೈಜನ್ 7 7700, ಇವು ಪೂರ್ತಿ ದುಡಿಯುವಾಗ ಎಳೆಯುವುದು 88 ವಾಟ್. ಎಕ್ಸ್ ಇರುವ 105 ವಾಟಿನದು ಅಗ್ಗಕ್ಕೆ ಸಿಕ್ಕಿದರೂ ಬಯೋಸ್‌ನಲ್ಲಿ ಇಕೋ ಮೋಡಿಗೆ ಹಾಕಿ ಅದೇ 88ಕ್ಕೆ ಕಟ್ಟಿಹಾಕಬಹುದು. ಕಳೆದುಕೊಳ್ಳುವುದು ಸ್ವಲ್ಪವೇ.

ಗ್ರಾಫಿಕ್ಸ್‌ಗೆ ಆರ್‌ಟಿಎಕ್ಸ್ 4060 ಮಟ್ಟದ್ದು, 115 ವಾಟ್, ಇಲ್ಲಿಗೆ ಹೇಳಿ ಮಾಡಿಸಿದ್ದು. ಅದಕ್ಕೂ ಆಫ್ಟರ್‌ಬರ್ನರ್ ಎಂಬ ಸಾಫ್ಟ್‌ವೇರಿನಲ್ಲಿ ಕೂತು ವೋಲ್ಟೇಜ್ ಇಳಿಸಿ. ಪ್ರೊಸೆಸರ್, ಕಾರ್ಡ್, ಉಳಿದದ್ದು ಸೇರಿ ಸುಮಾರು 250 ವಾಟ್ ಆಯಿತು. 550 ವಾಟಿನ ಎಸ್‌ಎಫ್‌ಎಕ್ಸ್ ಧಾರಾಳ. ರೈಸರ್ ಬಗ್ಗೆ ಒಂದು ಮಾತು. ಕೇಬಲ್ ಪಿಸಿಐಇ (ಕಾರ್ಡ್ ಜೋಡಿಸುವ ಸ್ಲಾಟಿನ ಮಾದರಿ) ಮೂರನೇ ತಲೆಮಾರಿನದು, ಬೋರ್ಡ್ ಮತ್ತು ಕಾರ್ಡ್ ನಾಲ್ಕನೆಯದು ಆಗಿದ್ದರೆ ಪರದೆ ಕಪ್ಪಾಗುವುದು, ಆಟದ ನಡುವೆ ನಿಲ್ಲುವುದು ಶುರುವಾಗುತ್ತದೆ. ಬಯೋಸ್‌ನಲ್ಲಿ ಸ್ಲಾಟನ್ನು ಮೂರಕ್ಕೆ ಇಳಿಸಿದರೆ ಸರಿಹೋಗುತ್ತದೆ. ಓವರ್‌ಕ್ಲಾಕ್ ಕೆಟ್ಟಿತು ಅಂತ ವೋಲ್ಟೇಜ್ ಹಿಂದೆ ಓಡುವ ಮುಂಚೆ ಇದನ್ನು ನೋಡಿ.

ಧೂಳನ್ನು ಯಾರೂ ಹೇಳುವುದಿಲ್ಲ. ಬಿಗಿ ಪೆಟ್ಟಿಗೆಯ ಸಣ್ಣ ಫ್ಯಾನುಗಳು ಜೋರಾಗಿ ತಿರುಗುತ್ತವೆ, ಕೂಲರಿನ ರೆಕ್ಕೆಗಳ ನಡುವೆ ಸಂದು ಕಮ್ಮಿ. ರಸ್ತೆ ಬದಿ ಮನೆಯಾದರೆ ಎರಡು ಮೂರು ತಿಂಗಳಿಗೊಮ್ಮೆ ಬಿಚ್ಚಿ ಊದಲೇಬೇಕು.

ಹದಿನೆಂಟು ಲೀಟರ್

ಕೂಲರ್ ಮಾಸ್ಟರ್ ಎನ್‌ಆರ್200 ಈ ಗುಂಪಿನ ಹಿರಿಯ, 18.25 ಲೀಟರ್. ಗಾಳಿಯಾಡುವ ಪಕ್ಕದ ಬಾಗಿಲು ಹಾಕಿದರೆ 155 ಮಿಮೀ ಎತ್ತರದ ಟವರ್ ಕೂಲರ್ ಹಿಡಿಯುತ್ತದೆ, ಬೇಕಾದರೆ ನೀರಿನ ಕೂಲರೂ. ರೈಸರ್ ಇಲ್ಲದೆಯೇ ಕಾರ್ಡ್ ನೇರ ಬೋರ್ಡಿಗೆ. 37 ಮಿಮೀ ಕೂಲರಿನಿಂದ ಟವರ್ ಕೂಲರಿಗೆ ಬಂದರೆ ಬಿಸಿ, ಸದ್ದು ಎರಡೂ ಬೇರೆಯೇ ಲೋಕ. ಏಪ್ರಿಲ್ ಮಧ್ಯಾಹ್ನ ಒಂದು ಗಂಟೆ ವಿಡಿಯೋ ರೆಂಡರ್ ಹಾಕಿಟ್ಟು ಊಟಕ್ಕೆ ಹೋಗಬಹುದು. ಪಿಬಿಒ ಮಿತಿಯನ್ನು ಸ್ವಲ್ಪ ಏರಿಸಿ ನೋಡುವ ಧೈರ್ಯವನ್ನೂ ಇಲ್ಲಿ ಮಾಡಬಹುದು. ಆದರೆ ಮಿನಿ ಐಟಿಎಕ್ಸ್ ಬೋರ್ಡಿನಲ್ಲಿ ಪ್ರೊಸೆಸರಿಗೆ ಕರೆಂಟು ಹಂಚುವ ವಿಆರ್‌ಎಂ ಚಿಕ್ಕ ಜಾಗದಲ್ಲಿ ಒತ್ತಿಕೊಂಡಿರುತ್ತದೆ. ಅದರ ಮೇಲೂ ಗಾಳಿ ಹಾಯುವಂತೆ ಒಂದು ಫ್ಯಾನ್ ಇಡಿ.

ಹೊತ್ತುಕೊಂಡು ಹೋಗಬಹುದಾ? ಕಾರಿನಲ್ಲಿ ಹೌದು. ಶನಿವಾರದ ರೈಲಿನಲ್ಲಿ ಮಡಿಲ ಮೇಲೆ ಇಟ್ಟುಕೊಂಡು ಕೂರುವುದು ನಿಮ್ಮ ಮಂಡಿಗೆ ಬಿಟ್ಟದ್ದು.

ಮೈಕ್ರೋ ಎಟಿಎಕ್ಸ್

ಯಾರೂ ಇದರ ಫೋಟೋ ಹಾಕುವುದಿಲ್ಲ, ಆದರೆ ಕೇಳಿದ ಹತ್ತು ಜನರಲ್ಲಿ ಆರು ಜನಕ್ಕೆ ನಾನು ಹೇಳುವುದು ಇದನ್ನೇ. ಆಸುಸ್ ಎಪಿ201 33 ಲೀಟರ್. ಮಾಮೂಲಿ ಎಸ್‌ಎಂಪಿಎಸ್, ಮಾಮೂಲಿ ಟವರ್ ಕೂಲರ್, ಉದ್ದದ ಕಾರ್ಡ್, ಇನ್ನೊಂದು ಎಸ್‌ಎಸ್‌ಡಿಗೆ ಜಾಗ. ಏನೇ ಕೆಟ್ಟರೂ ಊರಿನಲ್ಲೇ ಸಿಗುತ್ತದೆ. ಮಿಕ್ಕ ಹಣದಲ್ಲಿ ಒಳ್ಳೆಯ ಪ್ರೊಸೆಸರ್ ಅಥವಾ ಕಾರ್ಡ್ ಬರುತ್ತದೆ. ಓವರ್‌ಕ್ಲಾಕ್ ಮಾಡಿ ಗಳಿಸುವುದಕ್ಕಿಂತ ಆ ಒಂದು ಮೆಟ್ಟಿಲು ಕೊಡುವ ವೇಗವೇ ಜಾಸ್ತಿ.

ಹೊಂದಿಸುವ ಕ್ರಮ

ಯಾವ ದಾರಿ ಹಿಡಿದರೂ ಕ್ರಮ ಒಂದೇ. ಮೊದಲು ಬಯೋಸ್ ಅಪ್‌ಡೇಟ್, ಅದೂ ಇನ್ವರ್ಟರ್ ಆಸರೆ ಇರುವಾಗ. ನಡುವೆ ಕರೆಂಟು ಹೋದರೆ ಬೋರ್ಡ್ ಸತ್ತಂತೆಯೇ. ಬಯೋಸ್ ಫ್ಲ್ಯಾಶ್‌ಬ್ಯಾಕ್ ಬಟನ್ ಇರುವ ಬೋರ್ಡಾದರೆ ಬದುಕಿಸಬಹುದು, ಕೊಳ್ಳುವಾಗಲೇ ಅದನ್ನು ಕೇಳಿ. ಆಮೇಲೆ ಎಕ್ಸ್‌ಪೋ ಹಾಕಿ, ರಾತ್ರಿ ಪೂರ್ತಿ ಮೆಮ್‌ಟೆಸ್ಟ್86. ಮೆಮೊರಿ ಗಟ್ಟಿಯಾದ ಮೇಲೆಯೇ ಕರ್ವ್ ಆಪ್ಟಿಮೈಸರ್. ಎಲ್ಲ ಕೋರಿಗೂ ಮೈನಸ್ 10ರಿಂದ ಶುರು ಮಾಡಿ, ಐದೈದಾಗಿ ಇಳಿಸುತ್ತಾ ಹೋಗಿ. ಮೈನಸ್ 30ಕ್ಕೆ ಒಂದೇ ಸಲ ಹಾರಿ "ನಂದು ಓಡ್ತಿದೆ" ಎನ್ನುವವರನ್ನು ನಂಬಬೇಡಿ. ವೋಲ್ಟೇಜ್ ಕಮ್ಮಿಯಾದ ಪ್ರೊಸೆಸರ್ ಜೋರಾಗಿ ದುಡಿಯುವಾಗ ಚೆನ್ನಾಗಿಯೇ ಇರುತ್ತದೆ. ಬ್ರೌಸರ್ ತೆರೆದಿಟ್ಟು ಸುಮ್ಮನೆ ಕೂತಾಗ, ಒಂದೇ ಕೋರ್ ತಟ್ಟನೆ ಮೇಲೇರುವಾಗ ರೀಸ್ಟಾರ್ಟ್ ಆಗುತ್ತದೆ. ಒಂದೊಂದೇ ಕೋರನ್ನು ಪರೀಕ್ಷಿಸುವ ಕೋರ್‌ಸೈಕ್ಲರ್ ಇದಕ್ಕೇ ಇರುವುದು. ಡಿಸೆಂಬರಿನಲ್ಲಿ ಹೊಂದಿಸಿದವರು ಏಪ್ರಿಲ್‌ನಲ್ಲಿ ಇನ್ನೊಮ್ಮೆ ಓಡಿಸಿ ನೋಡಬೇಕು.

ಹಾಗಾದರೆ ಯಾರಿಗೆ ಯಾವುದು

ಪಿಜಿಯಲ್ಲಿದ್ದು ವಾರವಾರ ಊರಿಗೆ ಹೋಗುವವರು, ಆಟ ಅಷ್ಟಕ್ಕಷ್ಟೇ ಎನ್ನುವವರು ಡೆಸ್ಕ್‌ಮಿನಿ ತೆಗೆದುಕೊಳ್ಳಿ. ಎರಡೂ ಕಡೆ ಒಂದೊಂದು ಹಳೇ ಮಾನಿಟರ್ ಇದ್ದರೆ ಮುಗಿಯಿತು. ಆಟವೂ ಬೇಕು, ಓಡಾಟವೂ ಬೇಕು ಎಂದರೆ ಹತ್ತು ಲೀಟರಿನ ಸಹವಾಸ ಮಾಡಲೇಬೇಕು. ದುಡ್ಡು ಬಿಗಿಯಿದ್ದರೆ ಬಿ550 ಐಟಿಎಕ್ಸ್ ಬೋರ್ಡಿಗೆ ರೈಜನ್ 5 5600 ಹಾಕಿ. ಪ್ಲಾಟ್‌ಫಾರ್ಮ್ ಹಳೆಯದಾಯಿತು ನಿಜ, ಮುಂದೆ ಪ್ರೊಸೆಸರ್ ಬದಲಿಸುವ ಆಸೆ ಇರುವವರು ರೈಜನ್ 7000 ಕೂರುವ ಎಎಂ5 ಬೋರ್ಡಿಗೇ ಹೋಗಲಿ.

ಮನೆಯಿಂದ ಕೆಲಸ ಮಾಡುವವರು, ಕಂಪ್ಯೂಟರ್ ನಿಂತರೆ ಸಂಪಾದನೆ ನಿಲ್ಲುವವರು ಮೈಕ್ರೋ ಎಟಿಎಕ್ಸ್ ಬಿಟ್ಟು ಬೇರೆ ನೋಡಬೇಡಿ. ಮೇಜಿನ ಮೇಲೆಯೇ ಇಡಬೇಕು, ಜಾಗ ನಿಜಕ್ಕೂ ಇಲ್ಲ ಎಂದರೆ ಮಾತ್ರ 18 ಲೀಟರ್. ಆಗ ಒಂದು ಎಸ್‌ಎಫ್‌ಎಕ್ಸ್ ಎಸ್‌ಎಂಪಿಎಸ್ ಹೆಚ್ಚುವರಿಯಾಗಿ ಮನೆಯಲ್ಲಿಡುವ ಖರ್ಚನ್ನೂ ಬಜೆಟ್ಟಿಗೆ ಸೇರಿಸಿ.

ಆಸೆಗೆ ಕಟ್ಟುವವರು ಹೇಗೂ ಟೆರಾವೋ ಎ4ವೋ ಅಂತ ಮನಸ್ಸಿನಲ್ಲೇ ನಿರ್ಧಾರ ಮಾಡಿಕೊಂಡೇ ಕೇಳುತ್ತಾರೆ. ಅವರಿಗೆ ಒಂದೇ ಸೂಚನೆ. ಕ್ಯಾಬಿನೆಟ್ ಆರ್ಡರ್ ಮಾಡುವ ಮುಂಚೆ ಕಾರ್ಡಿನ ಉದ್ದ, ದಪ್ಪ, ಕೂಲರಿನ ಎತ್ತರ, ಎಸ್‌ಎಂಪಿಎಸ್ ಎಸ್‌ಎಫ್‌ಎಕ್ಸೋ ಅದಕ್ಕಿಂತ ಉದ್ದದ ಎಸ್‌ಎಫ್‌ಎಕ್ಸ್-ಎಲ್ಲೋ, ಈ ನಾಲ್ಕನ್ನು ಕಾಗದದ ಮೇಲೆ ಬರೆದು ಕ್ಯಾಬಿನೆಟ್‌ನ ಅಳತೆಗೆ ಹೋಲಿಸಿ. ಕಾರ್ಡಿನ ಅಳತೆಗೆ ಪವರ್ ವೈರ್ ಬಾಗುವ ಜಾಗವನ್ನೂ ಸೇರಿಸಿ. ಕಂಪನಿ ಕೊಡುವ ಅಳತೆಯಲ್ಲಿ ಅದು ಇರುವುದಿಲ್ಲ.